ಹಳೆಯ ರೇಡಿಯೊ, ಹೊಸ ರೂಟರ್: ಒಂದು ಮನೆಯ ವೈಫೈ ಪ್ರಕರಣ

ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರನ್ನು ಗುರುತಿಸಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ಉಪಕರಣಗಳ ತಯಾರಕರ ಹೆಸರೂ ಇಲ್ಲಿ ಬರುವುದಿಲ್ಲ, ಏಕೆಂದರೆ ತೊಂದರೆ ಯಾವ ತಯಾರಕರಿಂದಲೂ ಬಂದದ್ದಲ್ಲ. ಬೇರೆ ಬೇರೆ ಕಾಲದ ಉಪಕರಣಗಳು ಒಂದೇ ಸೂರಿನಡಿ, ಒಂದೇ ಚಾನೆಲ್‌ನಲ್ಲಿ, ಅಂದರೆ ಎಲ್ಲವೂ ಹಂಚಿಕೊಳ್ಳುವ ಒಂದೇ ತರಂಗದ ದಾರಿಯಲ್ಲಿ, ಸೇರಿದಾಗ ಹುಟ್ಟಿಕೊಂಡ ತೊಂದರೆ ಅದು. ಮನೆಯ ವೈಫೈ ಸರಿಪಡಿಸಿಕೊಡಿ ಎಂದು ನನ್ನನ್ನು ಕರೆದವರಲ್ಲಿ ಬಹಳಷ್ಟು ಜನರ ಮನೆಯಲ್ಲಿ ಇದೇ ಕಥೆಯ ಒಂದಲ್ಲ ಒಂದು ತುಣುಕು ಸಿಕ್ಕಿದೆ. ಈ ಮನೆಯಲ್ಲಿ ಎಲ್ಲವೂ ಒಟ್ಟಿಗೆ ಸಿಕ್ಕಿತು.

ಮನೆ ಮತ್ತು ಉಪಕರಣಗಳು

ಎರಡು ಅಂತಸ್ತಿನ ಮನೆ. ದಂಪತಿ, ಕಾಲೇಜಿನಲ್ಲಿ ಓದುವ ಮಗಳು ಮತ್ತು ಗಂಡನ ವಯಸ್ಸಾದ ತಂದೆ, ಹೀಗೆ ನಾಲ್ವರ ವಾಸ. ಫೈಬರ್ ಸಂಪರ್ಕ ಕೆಳಗಿನ ಮುಂಭಾಗದ ಕೋಣೆಗೆ ಬರುತ್ತದೆ. ರೂಟರ್ ಇರುವುದೂ ಅಲ್ಲೇ. ಅದರ ಗೋಡೆಗೆ ಅಂಟಿಕೊಂಡೇ ಹಿರಿಯರ ಕೋಣೆ. ಮೇಲಿನ ಅಂತಸ್ತಿನ ಹಿಂಭಾಗದಲ್ಲಿ ಹೆಂಡತಿಯ ಕೆಲಸದ ಕೋಣೆ. ದೂರದ ದೇಶದಲ್ಲಿರುವ ಸಹೋದ್ಯೋಗಿಗಳೊಂದಿಗೆ ಅವರ ವಿಡಿಯೊ ಸಭೆಗಳು ಸಂಜೆ ಶುರುವಾಗುತ್ತವೆ. ಈ ಸಂಜೆ ಎಂಬ ವಿವರಕ್ಕೆ ಎಷ್ಟು ಮಹತ್ವವಿದೆ ಎಂಬುದು ಯಾರಿಗೂ ಮೊದಲು ಹೊಳೆಯಲಿಲ್ಲ.

ಉಪಕರಣಗಳನ್ನು ಸಾಲಾಗಿ ನೋಡಿದರೆ ವೈಫೈ ಇತಿಹಾಸವನ್ನೇ ಓದಬಹುದಿತ್ತು. ಹಿರಿಯರ ಕೋಣೆಯಲ್ಲಿ ಒಂದು ಅಂತರ್ಜಾಲ ರೇಡಿಯೊ. ಅದು 1999ರ 802.11ಬಿ ಎಂಬ ವೈಫೈ ಮಾನದಂಡದ್ದು, ಗರಿಷ್ಠ ವೇಗ ಸೆಕೆಂಡಿಗೆ 11 ಮೆಗಾಬಿಟ್. ಮುಂಭಾಗದ ಕೋಣೆಯಲ್ಲಿ 2003ರ 802.11ಜಿ ಮಾನದಂಡದ ಲೇಸರ್ ಪ್ರಿಂಟರ್, ಗರಿಷ್ಠ 54 ಮೆಗಾಬಿಟ್. ಹಿತ್ತಿಲ ಗೇಟಿನ ಬಳಿ ಗೋಡೆಗೆ ಹೊಡೆದ ಕ್ಯಾಮೆರಾ ಮತ್ತು ಮನೆಯ ಅಲ್ಲಲ್ಲಿ ಇದ್ದ ಸ್ಮಾರ್ಟ್ ಪ್ಲಗ್‌ಗಳು 2009ರ 802.11ಎನ್ ಪೀಳಿಗೆಯವು, ಆದರೆ ಈ ಮನೆಯ ವೈಫೈ ಬಳಸುವ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ (ಬ್ಯಾಂಡ್) 2.4 ಮಾತ್ರ ಬಲ್ಲವು. ಫೋನ್‌ಗಳು, ಟಿವಿ ಮತ್ತು ಕೆಲಸದ ಲ್ಯಾಪ್‌ಟಾಪ್ ಎರಡೂ ಬ್ಯಾಂಡ್ ಬಲ್ಲ ಹೊಸವು. ಇವೆಲ್ಲವನ್ನೂ ಹೊತ್ತುಕೊಂಡದ್ದು ಆಗಷ್ಟೇ ತಂದ, ವೈಫೈ 6 ಎಂಬ ಹೊಸ ಪೀಳಿಗೆಯ ರೂಟರ್. ಎರಡು ಬ್ಯಾಂಡ್‌ಗಳಿಗೂ ಒಂದೇ ಹೆಸರು, ಯಾವ ಉಪಕರಣ ಯಾವ ಬ್ಯಾಂಡ್ ಹಿಡಿಯಬೇಕೆಂಬುದನ್ನು ರೂಟರ್ ಮತ್ತು ಉಪಕರಣಗಳೇ ತೀರ್ಮಾನಿಸುತ್ತಿದ್ದವು.

ದೂರು

ಹೊಸ ರೂಟರ್ ಬಂದ ಮೇಲೆ ನೆಟ್‌ವರ್ಕ್ ಇನ್ನೂ ಕೆಟ್ಟಿತು. ಮನೆಯವರ ಬೇಸರದ ಮೂಲ ಇದೇ. ಸಂಜೆಯ ಸಭೆಗಳಲ್ಲಿ ಧ್ವನಿ ತುಂಡುತುಂಡಾಗುತ್ತಿತ್ತು, ಚಿತ್ರ ಹೆಪ್ಪುಗಟ್ಟುತ್ತಿತ್ತು. ಬೆಳಗಿನ ಹೊತ್ತು ಅದೇ ಕೋಣೆಯಲ್ಲಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಅಷ್ಟೇನೂ ತೊಂದರೆ ಇರಲಿಲ್ಲ. ನಾನು ಹೋಗುವ ಮೊದಲೇ ಅವರು ಅಂತರ್ಜಾಲದ ಪ್ಲ್ಯಾನ್ ಅನ್ನು ಹೆಚ್ಚಿನ ವೇಗಕ್ಕೆ ಬದಲಿಸಿದ್ದರು. ಮೆಟ್ಟಿಲ ಬಳಿ ಒಂದು ವೈಫೈ ರಿಪೀಟರ್ ಕೂಡ ಸಿಕ್ಕಿಸಿದ್ದರು. ಎರಡರಿಂದಲೂ ಪ್ರಯೋಜನವಾಗಿರಲಿಲ್ಲ.

ರಿಪೀಟರ್ ಬಗ್ಗೆ ಇಲ್ಲೇ ಒಂದು ಮಾತು. ಅಗ್ಗದ ರಿಪೀಟರ್ ತಾನು ಕೇಳಿಸಿಕೊಂಡ ಪ್ರತಿ ಪ್ಯಾಕೆಟ್ಟನ್ನೂ (ದತ್ತಾಂಶದ ಕಟ್ಟನ್ನೂ) ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳುತ್ತದೆ. ಸಿಗ್ನಲ್ ಸೂಚಕದಲ್ಲಿ ಗೆರೆಗಳು ಹೆಚ್ಚುತ್ತವೆ ನಿಜ, ಆದರೆ ಚಾನೆಲ್ ಎರಡು ಪಟ್ಟು ತುಂಬುತ್ತದೆ. ಆಗಲೇ ಉಸಿರುಗಟ್ಟಿದ ನೆಟ್‌ವರ್ಕ್‌ಗೆ ಇದು ಸಲ್ಲದ ಮದ್ದು. ಅದನ್ನು ಮೊದಲ ದಿನವೇ ತೆಗೆಸಿದೆ.

54 ಎಂಬ ಅಂಕೆ

ಲ್ಯಾಪ್‌ಟಾಪ್‌ನ ವೈಫೈ ವಿವರ ತೆರೆದಾಗ ಕಣ್ಣಿಗೆ ಬಿದ್ದದ್ದು ಸಂಪರ್ಕದ ವೇಗ: 54 ಮೆಗಾಬಿಟ್. ಬ್ಯಾಂಡ್ 2.4 ಗಿಗಾಹರ್ಟ್ಸ್. ಒಂದು ನಿಮಿಷ ಬಿಟ್ಟು ನೋಡಿದರೆ 48, ಮತ್ತೆ 54. ರೂಟರ್ ಪಕ್ಕಕ್ಕೇ ತಂದಿಟ್ಟು, 2.4ರಲ್ಲೇ ಉಳಿಸಿಕೊಂಡರೂ ಅದು 54 ದಾಟಲಿಲ್ಲ.

ಹೊಸ ಲ್ಯಾಪ್‌ಟಾಪ್ ಮತ್ತು ಹೊಸ ರೂಟರ್ ಹತ್ತಿರ ಕುಳಿತು ಮಾತಾಡುವಾಗ ಆ ಬ್ಯಾಂಡ್‌ನಲ್ಲೂ 100 ಮೆಗಾಬಿಟ್ ದಾಟಬೇಕು. 54ರಲ್ಲಿ ಗೋಡೆ ಎದ್ದಂತೆ ನಿಂತುಬಿಟ್ಟರೆ ದೂರ, ಗೋಡೆ, ಪಕ್ಕದ ಮನೆಯ ಸಿಗ್ನಲ್ ಇವು ಯಾವುವೂ ಕಾರಣವಲ್ಲ. ಅವು ವೇಗವನ್ನು ಅಂಕುಡೊಂಕಾಗಿ ಇಳಿಸುತ್ತವೆಯೇ ಹೊರತು ಒಂದೇ ಅಂಕೆಗೆ ಕಟ್ಟಿಹಾಕುವುದಿಲ್ಲ. 54 ಎಂಬುದು 802.11ಜಿ ಮಾನದಂಡದ ಗರಿಷ್ಠ ಮಿತಿ. ಅಂದರೆ ಹೊಸ ಉಪಕರಣಗಳೆಲ್ಲ 2003ರ ಭಾಷೆಯಲ್ಲಿ ಮಾತಾಡುತ್ತಿದ್ದವು. ಹಾಗೆ ಮಾತಾಡುವಂತೆ ಅವುಗಳನ್ನು ಯಾವುದೋ ಸೆಟ್ಟಿಂಗ್ ಒತ್ತಾಯಿಸುತ್ತಿತ್ತು.

ರೂಟರ್‌ನ ಭದ್ರತಾ ಪುಟದಲ್ಲಿ ಉತ್ತರ ಸಿಕ್ಕಿತು. 2.4 ಬ್ಯಾಂಡ್‌ನ ಎನ್‌ಕ್ರಿಪ್ಷನ್ (ದತ್ತಾಂಶವನ್ನು ಗೂಢಲಿಪಿಗೆ ಬದಲಿಸುವ ಬೀಗ) ಟಿಕೆಐಪಿ ಎಂಬ ಹಳೆಯ ಬಗೆಯದಾಗಿತ್ತು. ಹೊಸ ರೂಟರ್ ಬಂದ ದಿನ ಹಿರಿಯರ ರೇಡಿಯೊ ಸಂಪರ್ಕ ಪಡೆಯದಿದ್ದಾಗ, ಅವರ ಮಗ ಒಂದೊಂದೇ ಆಯ್ಕೆ ಬದಲಿಸುತ್ತಾ ಹೋಗಿ, ರೇಡಿಯೊ ಹಾಡಿದ ಕ್ಷಣದಲ್ಲಿ ನಿಲ್ಲಿಸಿದ್ದರು. ತಂದೆಯ ರೇಡಿಯೊ ನಿಲ್ಲಬಾರದೆಂಬುದಷ್ಟೇ ಅವರ ಕಾಳಜಿ. ಬೇರೆಯವರಿಗೆ ಏನಾಯಿತೆಂದು ಆ ಪುಟ ಅವರಿಗೆ ಹೇಳಲಿಲ್ಲ.

ಹಿನ್ನೆಲೆ ಹೀಗಿದೆ. ವೈಫೈನ ಮೊದಲ ಬೀಗವಾದ ವೆಪ್ ಎಷ್ಟು ಸಡಿಲ ಎಂಬುದು 2001ರಲ್ಲಿ ಬಯಲಾಯಿತು. ಆಗ ಮಾರಾಟವಾಗಿದ್ದ ಉಪಕರಣಗಳ ಚಿಪ್‌ಗಳನ್ನು ಬದಲಿಸಲು ಸಾಧ್ಯವಿರಲಿಲ್ಲ. ಆದ್ದರಿಂದ ಅದೇ ಚಿಪ್‌ನಲ್ಲಿ, ಸಾಫ್ಟ್‌ವೇರ್ ಬದಲಾವಣೆಯಿಂದಲೇ ಓಡುವ ತಾತ್ಕಾಲಿಕ ಪರಿಹಾರವಾಗಿ ಟಿಕೆಐಪಿ ಬಂತು. ಅದನ್ನು ಒಳಗೊಂಡ ಡಬ್ಲ್ಯುಪಿಎ ಎಂಬ ಭದ್ರತಾ ವ್ಯವಸ್ಥೆ 2003ರಲ್ಲಿ ಬಳಕೆಗೆ ಬಂತು. ಮರುವರ್ಷವೇ ಎಇಎಸ್ ಎಂಬ ಹೆಚ್ಚು ಬಲವಾದ ಬೀಗವನ್ನು ಆಧರಿಸಿದ ಡಬ್ಲ್ಯುಪಿಎ2 ಬಂತು, 2006ರಿಂದ ವೈಫೈ ಪ್ರಮಾಣಪತ್ರ ಬೇಕಾದ ಉಪಕರಣಗಳಿಗೆಲ್ಲ ಅದು ಕಡ್ಡಾಯವಾಯಿತು. 802.11ಎನ್ ರೂಪಿಸಿದವರು ಹಳೆಯ ಬೀಗಗಳಿಗೆ ಜಾಗ ಕೊಡಲಿಲ್ಲ: ವೆಪ್ ಅಥವಾ ಟಿಕೆಐಪಿ ಬಳಸುವ ಸಂಪರ್ಕಕ್ಕೆ ಎನ್ ಪೀಳಿಗೆಯ ವೇಗಗಳು ಸಿಗುವಂತಿಲ್ಲ ಎಂದು ಮಾನದಂಡವೇ ಹೇಳುತ್ತದೆ. ಆದ್ದರಿಂದ ಆ ಒಂದು ಆಯ್ಕೆ ಬದಲಾದ ಕೂಡಲೇ 2.4 ಬ್ಯಾಂಡ್‌ನ ಪ್ರತಿಯೊಂದು ಉಪಕರಣವೂ 54ಕ್ಕೆ ಇಳಿಯಿತು. ವಾಸ್ತವದಲ್ಲಿ 54ರ ಸಂಪರ್ಕದಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು, ಇಪ್ಪತ್ತೈದು ಮೆಗಾಬಿಟ್.

ಎನ್‌ಕ್ರಿಪ್ಷನ್ ಅನ್ನು ಎಇಎಸ್‌ಗೆ ಬದಲಿಸಿದೆವು. ಲ್ಯಾಪ್‌ಟಾಪ್‌ನ ವೇಗ ಆ ಕ್ಷಣವೇ 144ಕ್ಕೆ ಏರಿತು. ರೇಡಿಯೊ ನಿಂತುಹೋಯಿತು.

ಬಿಸಾಡಿ ಎಂಬ ಸಲಹೆ

ಇಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಹಳೆಯದನ್ನು ಬಿಸಾಡಿ. ಈ ಸಲಹೆಯನ್ನು ನಾನು ಸುಲಭಕ್ಕೆ ಕೊಡುವುದಿಲ್ಲ. ಆ ರೇಡಿಯೊದ ಮೇಲೆ ಆರು ಗುಂಡಿಗಳಿವೆ, ಆರು ನಿಲ್ದಾಣಗಳು ಅವುಗಳಲ್ಲಿ ಕೂತಿವೆ. ಕಣ್ಣು ಮಂಜಾದ ಹಿರಿಯರು ಬೆರಳಿನಿಂದಲೇ ತಡವಿ ಮೂರನೆಯದನ್ನು ಒತ್ತುತ್ತಾರೆ, ಬೆಳಗಿನ ಸಂಗೀತ ಬರುತ್ತದೆ. ಅದರ ಬದಲಿಗೆ ಸ್ಪರ್ಶ ಪರದೆಯ ಉಪಕರಣ ಕೊಟ್ಟರೆ ಅವರು ಪ್ರತಿ ಬಾರಿ ಮೊಮ್ಮಗಳನ್ನು ಕರೆಯಬೇಕಾಗುತ್ತದೆ. ನೆಟ್‌ವರ್ಕ್ ಇರುವುದು ಮನೆಯವರಿಗಾಗಿ. ಮನೆಯವರ ಬದುಕನ್ನು ನೆಟ್‌ವರ್ಕ್‌ಗೆ ತಕ್ಕಂತೆ ಕತ್ತರಿಸುವುದು ಕೊನೆಯ ಉಪಾಯವಾಗಬೇಕು.

ಮಗಳು ಒಂದು ದಾರಿ ಸೂಚಿಸಿದಳು. ಹಳೆಯವಕ್ಕೆಂದೇ 2.4ರಲ್ಲಿ ಇನ್ನೊಂದು ಹೆಸರಿನ ನೆಟ್‌ವರ್ಕ್ ತೆರೆಯುವುದು, ಅದಕ್ಕೆ ಮಾತ್ರ ಟಿಕೆಐಪಿ ಇಡುವುದು, ಅತಿಥಿ ನೆಟ್‌ವರ್ಕಿನಂತೆ ಮನೆಯ ಉಳಿದ ಉಪಕರಣಗಳಿಂದ ಬೇರ್ಪಡಿಸುವುದು. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯ ಯೋಚನೆ. ರೂಟರ್ ಅದಕ್ಕೆ ಅವಕಾಶವನ್ನೂ ಕೊಟ್ಟಿತು. ಹಾಗೆಯೇ ಮಾಡಿದೆವು. ರೇಡಿಯೊ ಹಾಡಿತು, ಲ್ಯಾಪ್‌ಟಾಪ್ 144ರಲ್ಲೇ ಉಳಿಯಿತು. ಮಧ್ಯಾಹ್ನವೆಲ್ಲ ಎಲ್ಲವೂ ಚೆನ್ನಾಗಿತ್ತು.

ಸಂಜೆಯ ಸಭೆ ಮತ್ತೆ ತುಂಡಾಯಿತು.

ಹೆಸರು ಎರಡು, ಚಾನೆಲ್ ಒಂದು

ಈ ಹಂತದಲ್ಲಿ ಹಲವರು ದಾರಿ ತಪ್ಪುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದೇ ರೂಟರ್ ಎರಡು ಹೆಸರು ತೋರಿಸಿದರೂ 2.4 ಬ್ಯಾಂಡ್‌ಗೆ ಅದರಲ್ಲಿರುವುದು ತರಂಗಗಳನ್ನು ಕಳಿಸುವ, ಕೇಳುವ ಒಂದೇ ಘಟಕ, ಒಂದೇ ಚಾನೆಲ್. ಎರಡು ಹೆಸರುಗಳ ಉಪಕರಣಗಳೂ ಒಂದೇ ಜಾಗದಲ್ಲಿ ಸರದಿ ಕಾಯುತ್ತವೆ. ಹೆಸರು ಬೇರೆ ಮಾಡಿದರೆ ದತ್ತಾಂಶ ಬೇರೆಯಾಗುತ್ತದೆ, ಆದರೆ ಚಾನೆಲ್‌ನ ಸಮಯ ಬೇರೆಯಾಗುವುದಿಲ್ಲ. ಅಷ್ಟೇ ಅಲ್ಲ, ಪ್ರತಿಯೊಂದು ಹೆಸರನ್ನೂ ರೂಟರ್ ಸೆಕೆಂಡಿಗೆ ಸುಮಾರು ಹತ್ತು ಬಾರಿ ಸಾರಬೇಕು. ಆ ಘೋಷಣೆ ಎಲ್ಲರಿಗೂ ಕೇಳಿಸಲೆಂದು ಅತ್ಯಂತ ನಿಧಾನದ ವೇಗದಲ್ಲಿ, ಹಳೆಯ ಉಪಕರಣಗಳಿಗೆ ಬಾಗಿಲು ತೆರೆದಿದ್ದರೆ 1 ಮೆಗಾಬಿಟ್‌ನಲ್ಲಿ, ಹೋಗುತ್ತದೆ. ಹೆಸರುಗಳನ್ನು ಹೆಚ್ಚಿಸಿದಷ್ಟೂ ಚಾನೆಲ್‌ನ ಒಂದೊಂದು ಚೂರು ಅದಕ್ಕೇ ಖರ್ಚು.

ವೈಫೈನ ಸರದಿ ಹೇಗೆ ನಡೆಯುತ್ತದೆ ಎಂಬುದು ಇಲ್ಲಿ ಮುಖ್ಯ. ಒಂದೇ ಮೈಕ್ ಇರುವ ಸಭೆಯನ್ನು ಊಹಿಸಿಕೊಳ್ಳಿ. ಪ್ರತಿಯೊಬ್ಬರಿಗೂ ಒಂದು ಸರದಿಗೆ ಒಂದು ವಾಕ್ಯ. ಸರದಿ ಎಲ್ಲರಿಗೂ ಸಮ, ಆದರೆ ಒಬ್ಬರು ಅಕ್ಷರ ಅಕ್ಷರವಾಗಿ ಎಳೆದು ಹೇಳಿದರೆ ಮೈಕ್ ಅಷ್ಟು ಹೊತ್ತೂ ಅವರ ಕೈಯಲ್ಲೇ. ಮೂಲ ವೈಫೈ ನಿಯಮವೂ ಹೀಗೆಯೇ: ಸಮಪಾಲು ಸಿಗುವುದು ಅವಕಾಶದಲ್ಲಿ, ಸಮಯದಲ್ಲಿ ಅಲ್ಲ. 1500 ಬೈಟಿನ ಒಂದು ಪ್ಯಾಕೆಟ್ ಎಂದರೆ 12,000 ಬಿಟ್. 54 ಮೆಗಾಬಿಟ್‌ನಲ್ಲಿ ಅದು ಸುಮಾರು 0.22 ಮಿಲಿಸೆಕೆಂಡಿನಲ್ಲಿ ಹೋಗುತ್ತದೆ. 11ರಲ್ಲಿ 1.1 ಮಿಲಿಸೆಕೆಂಡು. 1 ಮೆಗಾಬಿಟ್‌ನಲ್ಲಿ 12 ಮಿಲಿಸೆಕೆಂಡು. 54ರ ಉಪಕರಣ ಮತ್ತು 1ರ ಉಪಕರಣ ಎರಡೂ ಬಿಡುವಿಲ್ಲದೆ ಸರದಿಯಂತೆ ಒಂದೊಂದು ಪ್ಯಾಕೆಟ್ ಕಳಿಸಿದರೆ, ವೇಗದ್ದಕ್ಕೂ ಸೆಕೆಂಡಿಗೆ ಒಂದು ಮೆಗಾಬಿಟ್‌ಗಿಂತ ಕಡಿಮೆ ದಕ್ಕುತ್ತದೆ. ನಿಧಾನದ ಒಂದು ಉಪಕರಣ ಇಡೀ ಮನೆಯನ್ನು ತನ್ನ ಹೆಜ್ಜೆಗೆ ಎಳೆದುಕೊಳ್ಳುವುದು ಹೀಗೆ. ಸಮಯವನ್ನೇ ಸಮನಾಗಿ ಹಂಚುವ ಏರ್‌ಟೈಮ್ ಫೇರ್‌ನೆಸ್ ಎಂಬ ಸೌಲಭ್ಯ ಕೆಲವು ರೂಟರ್‌ಗಳಲ್ಲಿದೆ, ಈ ರೂಟರಿನಲ್ಲೂ ಇತ್ತು. ಆದರೆ ಅದು ರೂಟರ್ ತಾನಾಗಿ ಕಳಿಸುವುದನ್ನು ಅಂಕೆಯಲ್ಲಿಡುತ್ತದೆ. ಉಪಕರಣವೇ ಮೇಲಕ್ಕೆ ಕಳಿಸುತ್ತಿದ್ದರೆ ಅದರ ಹಿಡಿತ ಅಷ್ಟಕ್ಕಷ್ಟೆ.

ಇದರ ಮೇಲೆ ಇನ್ನೊಂದು ತೆರಿಗೆಯಿದೆ. 802.11ಬಿ ಉಪಕರಣಕ್ಕೆ ನಂತರದ ಪೀಳಿಗೆಗಳ ಸಿಗ್ನಲ್ ಅರ್ಥವಾಗುವುದಿಲ್ಲ. ಚಾನೆಲ್ ಖಾಲಿಯಿದೆ ಎಂದುಕೊಂಡು ನಡುವೆ ಬಾಯಿ ಹಾಕುತ್ತದೆ. ಅದನ್ನು ತಡೆಯಲು, ಅಂಥ ಒಂದೇ ಒಂದು ಉಪಕರಣ ಸಂಪರ್ಕದಲ್ಲಿದ್ದರೂ ರೂಟರ್ ಎಲ್ಲರಿಗೂ ಎಚ್ಚರಿಕೆ ಕೊಡುತ್ತದೆ: ಹೊಸ ವೇಗದಲ್ಲಿ ಏನನ್ನು ಕಳಿಸುವುದಿದ್ದರೂ ಮೊದಲು ಹಳೆಯ ವೇಗದಲ್ಲಿ ಒಂದು ಕಿರು ಸೂಚನೆ ಕಳಿಸಿ, ಇಷ್ಟು ಹೊತ್ತು ಸುಮ್ಮನಿರಿ ಎಂದು ಹೇಳಿ. ಆ ಸೂಚನೆಗೇ 200 ಮೈಕ್ರೋಸೆಕೆಂಡಿನಷ್ಟು ಬೇಕು, ಅಂದರೆ 54ರಲ್ಲಿ ಹೋಗುವ ದೊಡ್ಡ ಪ್ಯಾಕೆಟ್ಟಿಗೆ ಬೇಕಾದಷ್ಟೇ ಸಮಯ. ಹೊಸ ಪೀಳಿಗೆಗಳು ಹಲವು ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿ ಕಳಿಸುವುದರಿಂದ ಪೆಟ್ಟು ಅಷ್ಟು ಜೋರಾಗಿ ಬೀಳುವುದಿಲ್ಲ, ಆದರೂ ವಿಡಿಯೊ ಸಭೆಯ ಧ್ವನಿಯಂಥ ಸಣ್ಣ ಸಣ್ಣ ಪ್ಯಾಕೆಟ್‌ಗಳಿಗೆ ಅದು ಹೊರೆಯೇ.

ಇಷ್ಟೆಲ್ಲ ತಿಳಿದ ಮೇಲೆ ಆರೋಪಿ ರೇಡಿಯೊವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಮನೆಯವರಿಗೂ ಅನ್ನಿಸಿತು. ಆದರೆ ಲೆಕ್ಕ ಒಪ್ಪಲಿಲ್ಲ. ರೇಡಿಯೊ ನಿಲ್ದಾಣದ ಹರಿವು ಸೆಕೆಂಡಿಗೆ 128 ಕಿಲೋಬಿಟ್. ಅಂದರೆ ಸೆಕೆಂಡಿಗೆ ಹನ್ನೊಂದು ಪ್ಯಾಕೆಟ್. ರೂಟರ್ ಪಕ್ಕದ ಕೋಣೆಯಲ್ಲೇ ಇರುವುದರಿಂದ ಅದು ತನ್ನ ಪೂರ್ಣ 11 ಮೆಗಾಬಿಟ್‌ನಲ್ಲೇ ಮಾತಾಡುತ್ತದೆ. ಪ್ಯಾಕೆಟ್ಟಿನ ತಲೆಬರಹ, ಸ್ವೀಕೃತಿ, ಕಾಯುವಿಕೆ ಎಲ್ಲ ಸೇರಿಸಿ ಒಂದಕ್ಕೆ ಎರಡು ಮಿಲಿಸೆಕೆಂಡು ಹಿಡಿದರೂ ಒಟ್ಟು ಸಮಯದ ಶೇಕಡಾ ಎರಡರ ಆಸುಪಾಸು. ಎಚ್ಚರಿಕೆಯ ಸೂಚನೆಗಳ ತೆರಿಗೆ ಸೇರಿಸಿದರೂ ಸಭೆ ತುಂಡಾಗುವಷ್ಟು ಹೊರೆಯಲ್ಲ. ಅದಕ್ಕಿಂತ ಮುಖ್ಯವಾಗಿ, ಹಿರಿಯರು ರೇಡಿಯೊ ಕೇಳುವುದು ಬೆಳಿಗ್ಗೆ. ಸಭೆ ಹಾಳಾಗುತ್ತಿದ್ದದ್ದು ಸಂಜೆ.

ಸಂಜೆಗೆ ಏನಾಗುತ್ತಿತ್ತು

ಅಕ್ಕಪಕ್ಕದ ಮನೆಗಳವರೆಲ್ಲ ಸಂಜೆ ಮನೆ ಸೇರುತ್ತಾರೆ, ಎಲ್ಲರ ವೈಫೈ ಒಟ್ಟಿಗೆ ಬಳಕೆಯಾಗುತ್ತದೆ ಎಂಬುದು ಗಂಡನ ಊಹೆ. ಒಪ್ಪಬಹುದಾದ ಊಹೆಯೇ. ಊಹೆಯನ್ನು ಪರೀಕ್ಷೆಗೆ ಒಡ್ಡಬೇಕಿತ್ತು.

ಸಂಜೆ ಕೆಲಸದ ಕೋಣೆಯಲ್ಲಿ ಕುಳಿತು ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಕಿರು ಸಂದೇಶ) ಹಾಕಿಟ್ಟೆವು. ಹೊರಗಿನ ಯಾವುದೋ ತಾಣಕ್ಕಲ್ಲ, ಮನೆಯ ರೂಟರ್‌ಗೇ. ಹೊರಗಿನ ತಾಣಕ್ಕೆ ಪಿಂಗ್ ಹಾಕಿದರೆ ತೊಂದರೆ ಮನೆಯೊಳಗಿನದೋ ಹೊರಗಿನದೋ ಗೊತ್ತಾಗುವುದಿಲ್ಲ. ಕತ್ತಲಾಗುವ ಮುನ್ನ ಉತ್ತರ ಮೂರು, ನಾಲ್ಕು ಮಿಲಿಸೆಕೆಂಡಿನಲ್ಲಿ ಬರುತ್ತಿತ್ತು. ಕತ್ತಲು ಇಳಿಯುತ್ತಿದ್ದಂತೆ ನಡುನಡುವೆ 80, 150, ಒಮ್ಮೊಮ್ಮೆ 400 ಕಾಣಿಸತೊಡಗಿತು. ಅದೇ ಹೊತ್ತಿನಲ್ಲಿ ಕೆಳಗೆ ಹೋಗಿ ಇನ್ನೊಂದು ಕಂಪ್ಯೂಟರ್ ಅನ್ನು ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿ ನೋಡಿದರೆ ಪ್ರತಿ ಉತ್ತರವೂ ಒಂದು ಮಿಲಿಸೆಕೆಂಡಿನೊಳಗೆ. ಅಂತರ್ಜಾಲದ ಪ್ಲ್ಯಾನ್ ನಿರಪರಾಧಿ, ರೂಟರ್‌ನ ಮಿದುಳೂ ನಿರಪರಾಧಿ. ದೋಷವಿರುವುದು ತರಂಗಗಳಲ್ಲಿ ಮಾತ್ರ ಎಂಬುದು ಖಚಿತವಾಯಿತು.

ಪಿಂಗ್ ಓಡುತ್ತಿರುವಾಗಲೇ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತಾ ಹೋದೆವು. ರೇಡಿಯೊ: ಬಹಳ ವ್ಯತ್ಯಾಸವಿಲ್ಲ. ಪ್ರಿಂಟರ್: ಇಲ್ಲ. ಟಿವಿ 5 ಗಿಗಾಹರ್ಟ್ಸ್‌ನಲ್ಲಿತ್ತು, ಅದನ್ನು ಆರಿಸಿಯೂ ವ್ಯತ್ಯಾಸವಿಲ್ಲ. ಹಿತ್ತಿಲ ಕ್ಯಾಮೆರಾದ ವಿದ್ಯುತ್ ತೆಗೆದ ಕ್ಷಣದಲ್ಲಿ ಮೇಲಿನಿಂದ ಮಗಳು ಕೂಗಿದಳು: ಎಲ್ಲ ಮೂರು, ನಾಲ್ಕು! ಮತ್ತೆ ಹಾಕಿದಾಗ ಅಂಕೆಗಳು ಮತ್ತೆ ಎದ್ದವು. ಪಕ್ಕದ ಮನೆಗಳ ಊಹೆ ಅಲ್ಲಿಗೆ ಬಿತ್ತು.

ಕ್ಯಾಮೆರಾ ಹಳೆಯದೇನಲ್ಲ, ರೇಡಿಯೊಗಿಂತ ಎಷ್ಟೋ ಹೊಸದು. ಆದರೆ ಅದು ಇದ್ದದ್ದು ಮನೆಯ ಅತಿ ದೂರದ ಮೂಲೆಯಲ್ಲಿ, ರೂಟರ್‌ನಿಂದ ಮೂರು ದಪ್ಪ ಗೋಡೆಗಳಾಚೆ. ರೂಟರ್‌ನ ಪಟ್ಟಿಯಲ್ಲಿ ಅದರ ಸಿಗ್ನಲ್ ಮೈನಸ್ 80 ಡಿಬಿಎಂ ಆಸುಪಾಸು. ಅಷ್ಟು ಕ್ಷೀಣ ಸಿಗ್ನಲ್‌ನಲ್ಲಿ ಎನ್ ಪೀಳಿಗೆಯ ಹಿರಿಮೆಯೆಲ್ಲ ಬಿದ್ದುಹೋಗುತ್ತದೆ. ಪಟ್ಟಿಯ ಆ ಸಾಲನ್ನು ನೋಡುತ್ತಾ ಕುಳಿತರೆ ವೇಗ 6.5, 5.5, 1, ಮತ್ತೆ 5.5 ಎಂದು ಹೊಯ್ದಾಡುತ್ತಿತ್ತು. ಪಕ್ಕದ ಕೋಣೆಯ 1999ರ ಮಾನದಂಡದ ರೇಡಿಯೊ 11ರಲ್ಲಿ ಮಾತಾಡುತ್ತಿರುವಾಗ, ಅದಕ್ಕಿಂತ ಎರಡು ಪೀಳಿಗೆ ಹೊಸದಾದ ಕ್ಯಾಮೆರಾ ಅದರ ಅರ್ಧ ವೇಗವನ್ನೂ ಕಷ್ಟಪಟ್ಟು ಮುಟ್ಟುತ್ತಿತ್ತು.

ಹಾಗಾದರೆ ಸಂಜೆಯೇ ಏಕೆ? ಕತ್ತಲಾದಾಗ ಕ್ಯಾಮೆರಾ ಇನ್‌ಫ್ರಾರೆಡ್ ನೋಟಕ್ಕೆ ಹೊರಳುತ್ತದೆ. ಬೆಳಕು ಕಡಿಮೆಯಾದಾಗ ಚಿತ್ರದ ತುಂಬ ಸಣ್ಣ ಸಣ್ಣ ಕಾಳುಗಳು ಮಿನುಗುತ್ತವೆ. ವಿಡಿಯೊವನ್ನು ಸಂಕುಚಿಸುವ ತಂತ್ರ ನಿಂತಿರುವುದು ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ಸಾಮ್ಯದ ಮೇಲೆ. ಪ್ರತಿ ಚಿತ್ರದಲ್ಲೂ ಕಾಳುಗಳು ಬೇರೆ ಬೇರೆ ಕಡೆ ಇದ್ದರೆ ಅದಕ್ಕೆ ಸಾಮ್ಯ ಸಿಗುವುದಿಲ್ಲ, ದತ್ತಾಂಶ ಹಿಗ್ಗುತ್ತದೆ. ಹಗಲಿನಲ್ಲಿ ಹಗುರವಾಗಿದ್ದ ಹರಿವು ರಾತ್ರಿ ಸೆಕೆಂಡಿಗೆ 2 ಮೆಗಾಬಿಟ್‌ಗೆ ಏರುತ್ತಿತ್ತು. 2 ಮೆಗಾಬಿಟ್ ಎಂದರೆ ಸೆಕೆಂಡಿಗೆ ಸುಮಾರು 167 ದೊಡ್ಡ ಪ್ಯಾಕೆಟ್. 5.5ರ ವೇಗದಲ್ಲಿ ಒಂದೊಂದಕ್ಕೆ 2.2 ಮಿಲಿಸೆಕೆಂಡು. ಬರಿಯ ದತ್ತಾಂಶಕ್ಕೇ ಪ್ರತಿ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಸ್ವೀಕೃತಿ, ಕಾಯುವಿಕೆ, ಕೇಳಿಸದೆ ಹೋದದ್ದನ್ನು ಮತ್ತೆ ಕಳಿಸುವುದು ಸೇರಿದರೆ ಅರ್ಧವನ್ನೂ ಮೀರುತ್ತದೆ. ವೇಗ 1ಕ್ಕೆ ಕುಸಿದ ಕ್ಷಣಗಳಲ್ಲಿ ಚಾನೆಲ್ ಪೂರ್ತಿ ಕ್ಯಾಮೆರಾದ್ದೇ.

ಈ ಪ್ರಕರಣದ ತಿರುವು ಇದೇ. ಹಳೆಯದು, ಹೊಸದು ಎಂಬ ವಿಂಗಡಣೆಯಿಂದ ಶುರುವಾದ ಹುಡುಕಾಟ ಇಲ್ಲಿ ಬೇರೆ ಪ್ರಶ್ನೆಗೆ ಬಂದು ನಿಂತಿತು. ಯಾವ ಉಪಕರಣ ಚಾನೆಲ್ಲನ್ನು ಎಷ್ಟು ಹೊತ್ತು ಹಿಡಿದಿರುತ್ತದೆ? ಆ ಹೊತ್ತನ್ನು ನಿರ್ಧರಿಸುವುದು ಎರಡು ಸಂಗತಿ: ಅದು ಎಷ್ಟು ಕಳಿಸುತ್ತದೆ, ಯಾವ ವೇಗದಲ್ಲಿ ಕಳಿಸುತ್ತದೆ. ಹುಟ್ಟಿದ ವರ್ಷ ವೇಗದ ಮೇಲ್ಮಿತಿಯನ್ನು ಹೇಳುತ್ತದೆ, ಅಷ್ಟೇ. ಆ ಮಿತಿಯ ಕೆಳಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳುವುದು ಗೋಡೆಗಳು ಮತ್ತು ದೂರ.

ತೀರ್ಮಾನಗಳು, ಅವುಗಳ ಕ್ರಮ

ಅಂದಿನ ರಾತ್ರಿಯ ಸಭೆಗಾಗಿ ಕ್ಯಾಮೆರಾದ ಚಿತ್ರದ ಗಾತ್ರವನ್ನೂ ಸೆಕೆಂಡಿಗೆ ಕಳಿಸುವ ಚಿತ್ರಗಳ ಸಂಖ್ಯೆಯನ್ನೂ ಇಳಿಸಿದೆವು. ಪಿಂಗ್ ಬಹುಮಟ್ಟಿಗೆ ಶಾಂತವಾಯಿತು. ಖರ್ಚಿಲ್ಲದ ಈ ಹೆಜ್ಜೆಯೇ ರೋಗನಿರ್ಣಯಕ್ಕೆ ಸಾಕ್ಷಿಯೂ ಆಯಿತು. ಆದರೆ ಗೇಟಿನ ಬಳಿ ಬಂದವರ ಮುಖ ಸ್ಪಷ್ಟವಾಗಿ ಕಾಣಬೇಕೆಂದೇ ಕ್ಯಾಮೆರಾ ಹಾಕಿಸಿದ್ದರಿಂದ, ಅದನ್ನು ಹಾಗೆಯೇ ಬಿಡುವಂತಿರಲಿಲ್ಲ.

ರೂಟರ್‌ನ ಸಿಗ್ನಲ್ ಶಕ್ತಿ ಹೆಚ್ಚಿಸಬಹುದೇ ಎಂದು ಗಂಡ ಕೇಳಿದರು. ಅದು ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಕಳಿಸುತ್ತಿರುವುದು ಕ್ಯಾಮೆರಾ, ಕೇಳುತ್ತಿರುವುದು ರೂಟರ್. ರೂಟರ್ ಎಷ್ಟು ಗಟ್ಟಿಯಾಗಿ ಕೂಗಿದರೂ ಕ್ಯಾಮೆರಾದ ಪಿಸುಮಾತು ಜೋರಾಗುವುದಿಲ್ಲ. ಹೊಸ ಕ್ಯಾಮೆರಾ ತಂದರೂ ಅದೇ ಮೂಲೆಯಲ್ಲಿ ಅದೇ ಗತಿ. ಉಳಿದದ್ದು ಒಂದೇ ದಾರಿ: ಕೇಳುವ ಕಿವಿಯನ್ನು ಹತ್ತಿರ ಒಯ್ಯುವುದು. ಮೇಲಿನ ಅಂತಸ್ತಿನ ಹಿಂಭಾಗಕ್ಕೆ ಹಳೆಯ ದೂರವಾಣಿ ತಂತಿಯ ಕೊಳವೆಯಿತ್ತು. ಅದರೊಳಗೆ ಈಥರ್ನೆಟ್ ಕೇಬಲ್ ಎಳೆಸಿ, ಕೆಲಸದ ಕೋಣೆಯ ಕಿಟಕಿಯ ಪಕ್ಕದಲ್ಲಿ ಒಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ಗೆ ಜೋಡಿಸಿ ವೈಫೈ ಕೊಡುವ ಪೆಟ್ಟಿಗೆ) ಇಟ್ಟೆವು. ಕಿಟಕಿಯ ಕೆಳಗೇ ಗೇಟು. ರೂಟರ್‌ಗೆ 2.4ರಲ್ಲಿ 1ನೇ ಚಾನೆಲ್, ಇದಕ್ಕೆ 11ನೇದು, ಎರಡರ ಅಗಲವೂ 20 ಮೆಗಾಹರ್ಟ್ಸ್. ಅಗಲವನ್ನು 40ಕ್ಕೆ ಹೆಚ್ಚಿಸಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತಿದ್ದವು. ಕ್ಯಾಮೆರಾದ ವೇಗ 65 ಮೆಗಾಬಿಟ್‌ಗೆ ಏರಿ ಅಲ್ಲೇ ನಿಂತಿತು. ಅದೇ ಆಕ್ಸೆಸ್ ಪಾಯಿಂಟ್‌ನ 5 ಗಿಗಾಹರ್ಟ್ಸ್ ಬ್ಯಾಂಡ್ ಲ್ಯಾಪ್‌ಟಾಪ್‌ಗೆ ಸಿಕ್ಕಿತು, ಅದು 2.4ರ ಗದ್ದಲದಿಂದಲೇ ಹೊರಬಂತು.

ರೇಡಿಯೊ ವಿಷಯ ಬಾಕಿಯಿತ್ತು. ಅದು ಶೇಕಡಾ ಎರಡನ್ನಷ್ಟೇ ತಿನ್ನುತ್ತಿದ್ದರೂ, ಅದಕ್ಕಾಗಿ ಟಿಕೆಐಪಿಯ ಒಂದು ಹೆಸರು, 1 ಮೆಗಾಬಿಟ್‌ನ ಘೋಷಣೆಗಳು, ಎಚ್ಚರಿಕೆಯ ಸೂಚನೆಗಳು ಇಡೀ ದಿನ ಚಾಲನೆಯಲ್ಲಿದ್ದವು. ಹಿರಿಯರ ಅನುಮತಿ ಕೇಳಿ ರೇಡಿಯೊವನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ರಬ್ಬರ್ ಮುಚ್ಚಳವೊಂದಿತ್ತು. ಉಗುರಿನಿಂದ ಎಬ್ಬಿಸಿದರೆ ಒಳಗೆ ಈಥರ್ನೆಟ್ ಕಿಂಡಿ, ತಂದ ದಿನದಂತೆಯೇ ಹೊಳೆಯುತ್ತಿತ್ತು. ವೈಫೈ ಇನ್ನೂ ಹೊಸದಾಗಿದ್ದ ಕಾಲದ ಉಪಕರಣಗಳಲ್ಲಿ ತಂತಿಯ ಕಿಂಡಿಯೂ ಇರುವುದು ಸಾಮಾನ್ಯವಾಗಿತ್ತು. ಈಗಿನವರು ಅದನ್ನು ಹುಡುಕುವುದೇ ಇಲ್ಲ. ಗೋಡೆಯಾಚೆಯೇ ರೂಟರ್. ಗಿಡ್ಡ ಕೇಬಲ್ ಸಾಕಾಯಿತು. ರೂಟರ್‌ನಲ್ಲಿ ಆ ಒಂದು ಕಿಂಡಿಯನ್ನು ಅತಿಥಿ ನೆಟ್‌ವರ್ಕಿಗೆ ಸೇರಿಸುವ ಸೌಲಭ್ಯವಿತ್ತು, ಹಾಗೆ ಸೇರಿಸಿದೆವು. ಸಾಫ್ಟ್‌ವೇರ್ ದುರಸ್ತಿ ನಿಂತು ವರ್ಷಗಳಾದ ಉಪಕರಣಕ್ಕೆ ಹೊರಗಿನ ನಿಲ್ದಾಣ ಸಿಗಬೇಕು, ಮನೆಯ ಕಂಪ್ಯೂಟರ್‌ಗಳು ಸಿಗಬಾರದು. ಕೆಲವರು ಇದಕ್ಕಾಗಿ ಮುಖ್ಯ ರೂಟರ್‌ನ ಹಿಂದೆ ಇನ್ನೊಂದು ರೂಟರ್ ಸಿಕ್ಕಿಸಿ, ಅದರ ಹಿಂದೆ ಹಳೆಯ ಉಪಕರಣವನ್ನಿಟ್ಟು ಬೇರ್ಪಡಿಸಿದೆವೆಂದು ತಿಳಿಯುತ್ತಾರೆ. ಅದು ತಲೆಕೆಳಗಾದ ರಕ್ಷಣೆ. ಒಳಗಿನ ರೂಟರ್‌ನ ಹಿಂದಿರುವ ಉಪಕರಣ ಹೊರಗಿನ ರೂಟರ್‌ನ ನೆಟ್‌ವರ್ಕನ್ನು ಯಾವ ಅಡ್ಡಿಯೂ ಇಲ್ಲದೆ ಮುಟ್ಟಬಲ್ಲದು.

ಆಮೇಲಷ್ಟೇ ಟಿಕೆಐಪಿ ಹೆಸರನ್ನು ಅಳಿಸಿದೆವು, 802.11ಬಿ ವೇಗಗಳನ್ನು ಮುಚ್ಚಿ ಕನಿಷ್ಠ ವೇಗವನ್ನು 6 ಮೆಗಾಬಿಟ್‌ಗೆ ಏರಿಸಿದೆವು. ಕ್ರಮವನ್ನು ಒತ್ತಿ ಹೇಳುತ್ತೇನೆ. ಇದನ್ನೇ ಮೊದಲ ದಿನ ಮಾಡಿದ್ದರೆ ರೇಡಿಯೊ ನಿಲ್ಲುತ್ತಿತ್ತು, ಕ್ಯಾಮೆರಾ ಆಗಾಗ ಕಳಚಿಕೊಳ್ಳುತ್ತಿತ್ತು, ಸಭೆ ಸುಧಾರಿಸುತ್ತಿತ್ತು. ಕ್ಯಾಮೆರಾ ಕೆಟ್ಟಿದೆಯೆಂದು ಮನೆಯವರು ಅದನ್ನು ಬದಲಿಸುತ್ತಿದ್ದರು, ಹೊಸದೂ ಕಳಚಿಕೊಳ್ಳುತ್ತಿತ್ತು. ಕನಿಷ್ಠ ವೇಗ ಏರಿಸುವುದು ಒಳ್ಳೆಯ ಕ್ರಮ, ಆದರೆ ಯಾರೂ ಆ ವೇಗದ ಕೆಳಗೆ ಬೀಳದಂತೆ ಮಾಡಿದ ಮೇಲೆ.

ಸ್ಮಾರ್ಟ್ ಪ್ಲಗ್‌ಗಳಲ್ಲಿ ಒಂದು ಈ ಬದಲಾವಣೆಯ ನಂತರ ಮರಳಲಿಲ್ಲ. ಅದನ್ನು ಮೂಲಸ್ಥಿತಿಗೆ ತಂದು ಹೊಸದಾಗಿ ಸೇರಿಸಬೇಕಾಯಿತು. ಸೇರಿಸುವಾಗ ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ದುದರಿಂದ ಪ್ಲಗ್ ಸಿಗದೆ ಸತಾಯಿಸಿತು. ಎರಡು ಬ್ಯಾಂಡ್‌ಗೆ ಬೇರೆ ಬೇರೆ ಹೆಸರು ಕೊಡಲು ಇದು ಒಂದು ಕಾರಣ. ಇನ್ನೊಂದು ಕಾರಣ ಪ್ರಿಂಟರ್. ಎರಡೂ ಬ್ಯಾಂಡ್‌ಗೆ ಡಬ್ಲ್ಯುಪಿಎ2 ಮತ್ತು ಅದಕ್ಕಿಂತ ಹೊಸ ಡಬ್ಲ್ಯುಪಿಎ3 ಮಿಶ್ರ ಭದ್ರತೆ ಹಾಕಿ ನೋಡಿದಾಗ, ತಾನು ಕಂಡರಿಯದ ಆ ಘೋಷಣೆಯ ಮುಂದೆ ಪ್ರಿಂಟರ್ ನೆಟ್‌ವರ್ಕನ್ನು ಹಿಡಿಯಲೇ ಇಲ್ಲ. ಆದ್ದರಿಂದ 2.4ಕ್ಕೆ ಶುದ್ಧ ಡಬ್ಲ್ಯುಪಿಎ2 ಎಇಎಸ್, 5ಕ್ಕೆ ಮಿಶ್ರ ಭದ್ರತೆ, ಎರಡಕ್ಕೂ ಬೇರೆ ಹೆಸರು ಎಂದು ನಿರ್ಧರಿಸಿದೆವು. ಇದರಿಂದ ಕಳೆದುಕೊಂಡದ್ದೂ ಇದೆ: ಅಂಗಳಕ್ಕೆ ಹೋದಾಗ ಫೋನ್ ತಾನಾಗಿ 2.4ಕ್ಕೆ ಇಳಿಯುವುದಿಲ್ಲ. ಮನೆಯವರು ಅದನ್ನು ಒಪ್ಪಿಕೊಂಡರು.

ಈಗಿನ ಸ್ಥಿತಿ

ಸಂಜೆಯ ಸಭೆಗಳು ನಿರಾತಂಕವಾಗಿ ನಡೆಯುತ್ತಿವೆ. ಕ್ಯಾಮೆರಾದ ಚಿತ್ರವನ್ನು ಮತ್ತೆ ಪೂರ್ಣ ಗಾತ್ರಕ್ಕೆ ಏರಿಸಿದ್ದೇವೆ. ಕತ್ತಲಾದ ಮೇಲೂ ಕೆಲಸದ ಕೋಣೆಯ ಪಿಂಗ್ ಒಂದಂಕಿಯಲ್ಲೇ ಇರುತ್ತದೆ. ಇದರಲ್ಲಿ ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ಗೆ ಹೋದದ್ದರ ಪಾಲೆಷ್ಟು, ಕ್ಯಾಮೆರಾ ಹತ್ತಿರದ ಕಿವಿ ಪಡೆದದ್ದರ ಪಾಲೆಷ್ಟು ಎಂದು ಬಿಡಿಸಿ ನೋಡಲು ಮಗಳ ಫೋನನ್ನು 2.4ರಲ್ಲೇ ಉಳಿಸಿಕೊಂಡು ಅಳೆದೆವು. ಅಲ್ಲೂ ನೂರರ ಅಂಕೆಗಳು ಮಾಯವಾಗಿದ್ದವು. ಹೆಚ್ಚಿಸಿಕೊಂಡಿದ್ದ ಪ್ಲ್ಯಾನ್ ಅನ್ನು ಮನೆಯವರು ಹಿಂದಿನದಕ್ಕೇ ಇಳಿಸಿದರು.

ಮನೆಯಿಂದ ಹೊರಹೋದ ಒಂದೇ ಉಪಕರಣ ಎಂದರೆ ಆ ರಿಪೀಟರ್. ಪ್ರಿಂಟರ್ 802.11ಜಿಯಲ್ಲೇ ಮುಂದುವರಿದಿದೆ. ದಿನಕ್ಕೆ ನಾಲ್ಕಾರು ಪುಟ ಮುದ್ರಿಸುವ ಅದು ಚಾನೆಲ್ಲನ್ನು ಹಿಡಿದಿಡುವ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಚಿಂತೆಯಿರುವುದು ಕ್ಯಾಮೆರಾದ ಬಗ್ಗೆ. ಅದರ ತಯಾರಕರು ಭದ್ರತಾ ದುರಸ್ತಿಗಳನ್ನು ನಿಲ್ಲಿಸಿದ್ದಾರೆ, ಮತ್ತು ಗೇಟಿನತ್ತ ಕಣ್ಣಿಟ್ಟ ಉಪಕರಣ ಬೇರೆಯವರ ಕೈಗೆ ಸಿಕ್ಕರೆ ಆಗುವ ಹಾನಿ ರೇಡಿಯೊದಂತಲ್ಲ. ಸದ್ಯಕ್ಕೆ ಅದನ್ನೂ ಬೇರ್ಪಡಿಸಿದ ನೆಟ್‌ವರ್ಕಿನಲ್ಲಿಟ್ಟು ಪಾಸ್‌ವರ್ಡ್ ಬದಲಿಸಿದ್ದೇವೆ. ಬದಲಿ ತರುವಾಗ ಕೇಬಲ್ ಮೂಲಕವೇ ವಿದ್ಯುತ್ತನ್ನೂ ಪಡೆಯುವ ಕ್ಯಾಮೆರಾ ತರಬೇಕೆಂದು ಮನೆಯವರು ತೀರ್ಮಾನಿಸಿದ್ದಾರೆ. ಆಕ್ಸೆಸ್ ಪಾಯಿಂಟ್‌ನಿಂದ ಗೇಟಿನವರೆಗೆ ಕೊಳವೆ ಹಾಯಿಸುವ ಜಾಗವನ್ನು ಆಗಲೇ ಗುರುತು ಹಾಕಿಕೊಂಡಿದ್ದಾರೆ.